ಅಪ್ಪನ ಪಾತ್ರದ ಹುಡುಗಿ

"ಮೈಕ್ ಇಲ್ಲಿ ಕೊಡಿ ಸಾರ್," ಎಂದು ತಂಗಿ ಕೈ ಚಾಚಿದಳು. ಹೆಡ್‌ಮಾಸ್ಟರು ಕೊಡಲಿಲ್ಲ, ಅವರ ಭಾಷಣ ಇನ್ನೂ ಅರ್ಧಕ್ಕೇ ಇತ್ತು.

"ನಾಟಕದ ಪಾಠ ಮಾಡೋದನ್ನ ಈ ಮೇಡಂ ಹತ್ರ ಕಲೀಬೇಕು. ಮಕ್ಕಳನ್ನ ಪಾತ್ರಗಳ ಜೊತೆ ಮಾತಾಡಿಸ್ತಿದ್ರು! ಇಂಥ ಹೊಸ ಪ್ರಯೋಗಕ್ಕೆ ನಾವು ಯಾವಾಗ್ಲೂ ಬೆನ್ನೆಲುಬಾಗಿ ನಿಂತ್ವಿ."

ಶಾಲೆಯ ಸಭಾಂಗಣದ ನಡುವೆ, ಶವಪೆಟ್ಟಿಗೆಯಲ್ಲಿ ಆ ಮೇಡಂ, ಅವಳ ಅಕ್ಕ, ಮಲಗಿದ್ದಳು. ತಂಗಿಗೆ ಮೈಯೆಲ್ಲ ಉರಿಯಿತು. ಬೆನ್ನೆಲುಬಂತೆ! ಬದುಕಿದ್ದಾಗ ಬೆನ್ನಿಗೆ ಚೂರಿ ಹಾಕಿದವರಿಗೆ ಈಗ ಹೊಗಳಲು ನಾಚಿಕೆಯಾದರೂ ಬೇಡವೇ?

ಭಾವ ಅವಳ ತೋಳು ಹಿಡಿದರು. "ಇವತ್ತೊಂದಿನ ಸುಮ್ನಿರಮ್ಮ. ನೆಮ್ಮದಿಯಾಗಿ ಕಳಿಸೋಣ."

"ಅವಳಿಗೆ ನೆಮ್ಮದಿ ಎಲ್ಲಿತ್ತು ಭಾವ?"

*

ಎರಡು ವರ್ಷದ ಹಿಂದಿನ ಮಾತು. ಒಂಬತ್ತನೇ ತರಗತಿಗೆ ಒಂದು ಮನೆಯ ಜಗಳದ ನಾಟಕ ಪಾಠವಾಗಿತ್ತು. ಅಕ್ಕನ ಪದ್ಧತಿಯೇ ಬೇರೆ: ಒಬ್ಬರು ಪಾತ್ರವಾಗಿ ಮುಂದೆ ಕೂರಬೇಕು, ಉಳಿದವರು ಬೇಕಾದ್ದು ಕೇಳಬಹುದು. ಪುಸ್ತಕದಲ್ಲಿಲ್ಲದ ಉತ್ತರವನ್ನು ತಾನೇ ಹುಡುಕಬೇಕು. ದಢೂತಿ ಹುಡುಗನೊಬ್ಬ ಸೊಸೆಯಾಗಿ ಸೊರಸೊರ ಮೂಗೆಳೆದಾಗ ತರಗತಿ ನಕ್ಕು ನಕ್ಕು ಸುಸ್ತಾಗಿತ್ತು.

ಆಮೇಲೆ ಅಪ್ಪನ ಪಾತ್ರಕ್ಕೆ ಕೂತವಳು ಎಂದೂ ಬಾಯಿ ಬಿಡದ ಹುಡುಗಿ.

"ಹೆಂಡ್ತೀನ ಯಾಕೆ ಬೈತೀರಿ?" ಎಂದು ಒಬ್ಬ ಕೇಳಿದ.

"ಬೈಯೋದೇನು? ಬಾಗಿಲ ಹಿಂದೆ ಬೆಲ್ಟ್ ಇದೆ. ಇವತ್ತು ಅವಳಿಗೆ, ನಾಳೆ ಮಗಳಿಗೆ," ಎಂದಳು ಅವಳು, ಗಡಸು ದನಿಯಲ್ಲಿ.

ಯಾರೂ ನಗಲಿಲ್ಲ. ನಾಟಕದ ಅಪ್ಪ ಬರೀ ಬೈಯುವವನು. ಅವನ ಮನೆಯಲ್ಲಿ ಬೆಲ್ಟ್ ಇರಲಿಲ್ಲ.

ಅಕ್ಕ ಹೆಡ್‌ಮಾಸ್ಟರ ಬಳಿ ಓಡಿದಳು. "ಮಕ್ಕಳ ರಕ್ಷಣೆಯವರಿಗೆ ತಿಳಿಸಿ ಸಾರ್. ಅವರಪ್ಪನಿಗೆ ಮಾತ್ರ ಹೇಳ್ಬೇಡಿ."

ಅವರು ಮೊದಲು ಫೋನ್ ಮಾಡಿದ್ದೇ ಹುಡುಗಿಯ ಅಪ್ಪನಿಗೆ. ಶಾಲಾ ಸಮಿತಿಯ ದೊಡ್ಡ ಮನುಷ್ಯ, ಮುನಿಸಿಕೊಂಡರೆ? ಮಾರನೆಯ ದಿನವೇ ಅವನು ಮಗಳ ಟಿ.ಸಿ. ತೆಗೆದುಕೊಂಡು, ಸಂಸಾರ ಸಮೇತ ಊರು ಬಿಟ್ಟ. ಅಕ್ಕನಿಗೆ ಸಿಕ್ಕಿದ್ದು ಮಕ್ಕಳ ತಲೆ ಕೆಡಿಸುವವಳೆಂಬ ಬಿರುದು ಮತ್ತು ಸ್ಟೋರ್ ರೂಮಿನ ಉಸ್ತುವಾರಿ. ಸಹೋದ್ಯೋಗಿಗಳು ತುಟಿ ಪಿಟಕ್ಕೆನ್ನಲಿಲ್ಲ. ಹುಡುಗಿಯನ್ನು ಹುಡುಕಿ ಹುಡುಕಿ ಸೋತ ಅಕ್ಕನಿಗೆ ಆಸ್ಪತ್ರೆಯ ಹಾಸಿಗೆಯಲ್ಲೂ ಅದೇ ಮಾತು: "ಅವಳನ್ನ ನಾನೇ ಹಿಡಿದುಕೊಟ್ಟ ಹಾಗಾಯ್ತಲ್ಲೇ."

*

ಭಾಷಣ ಮುಗಿಯಿತು. ನಾಲ್ವರು ಶಿಕ್ಷಕರು ಪೆಟ್ಟಿಗೆ ಎತ್ತಲು ಬಗ್ಗಿದರು. ತಂಗಿ ಮೈಕ್ ಕಿತ್ತುಕೊಂಡಳು.

"ಹೊಗಳಿದ್ದು ಸಾಕು ಸಾರ್. ಆ ಹುಡುಗಿ ಈಗ ಎಲ್ಲಿದ್ದಾಳೆ? ಅದೊಂದು ಹೇಳಿ."

"ಅದಕ್ಕೆಲ್ಲ ಇದು ಸಮಯ ಅಲ್ಲಮ್ಮ..."

"ಅಕ್ಕ ಕೇಳಿದಾಗ್ಲೂ ಹೀಗೇ ಅಂದ್ರಿ. ಎಲ್ಲಿದ್ದಾಳೆ?"

ಹೆಡ್‌ಮಾಸ್ಟರು ಶಿಕ್ಷಕರತ್ತ ತಿರುಗಿ, "ಎತ್ರಪ್ಪಾ, ಹೊತ್ತಾಯ್ತು," ಎಂದು ಕೈಸನ್ನೆ ಮಾಡಿದರು.

ನಾಲ್ವರೂ ಪೆಟ್ಟಿಗೆಯಿಂದ ಕೈ ತೆಗೆದರು. ಸೊಂಟ ನೆಟ್ಟಗೆ ಮಾಡಿ ನಿಂತು, ಹೆಡ್‌ಮಾಸ್ಟರ ಮುಖವನ್ನೇ ನೋಡತೊಡಗಿದರು.