ಎಡಬದಿಯ ಕಿಟಕಿ

ಮುಂಬೈಗೆ ರೈಲಿನಲ್ಲೇ ಹೋಗಬಹುದಿತ್ತು. ಅಲ್ಲಿರುವ ಅಮ್ಮಿಯ ತಂಗಿ, ನನ್ನ ಖಾಲಾನ ಮಗಳ ನಿಕಾಹ್‌ಗೆ ಇನ್ನೂ ನಾಲ್ಕು ದಿನವಿತ್ತು. ವಿಮಾನವೇ ಬೇಕೆಂದು ಹಟ ಹಿಡಿದವಳು ನಾನು. ಟ್ಯೂಶನ್ ಹೇಳಿ ನಾನು ಕೂಡಿಸಿದ ಹಣ ಹೋಗುವುದಕ್ಕಷ್ಟೇ ಸಾಕಾಯಿತು, ಬರುವಾಗ ರೈಲು.

ಕಾರಣ ಅಮ್ಮಿಗೆ ಮಾತ್ರ ಗೊತ್ತು. ಅಣ್ಣ ಅರ್ಫಾತ ಹುಕ್ಕೇರಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡು ಎರಡು ವರ್ಷ. ಅಬ್ಬಾನ ಊರು ದಡ್ಡಿಯಲ್ಲಿ, ನದಿ ತಿರುಗುವ ಕಡೆ, ಹುಣಸೆಮರದ ಹತ್ತಿರ ಅವನ ಕಬರು. ನಮ್ಮ ಮನೆತನದ ಹೆಂಗಸರು ಕಬರಸ್ತಾನದೊಳಗೆ ಹೋಗುವುದಿಲ್ಲ. ಅಮ್ಮಿ ಅದನ್ನು ಒಮ್ಮೆಯೂ ನೋಡಿಲ್ಲ. ಕೊಣ್ಣೂರಿನ ನಮ್ಮ ಮನೆಯ ಮೇಲೆ ವಿಮಾನದ ಸದ್ದು ಕೇಳಿದ ಒಂದು ದಿನ, ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಿ ಕೇಳಿದ್ದಳು:

"ಮ್ಯಾಲಿಂದ ನೋಡಿದ್ರ ಯಾರೂ ಬ್ಯಾಡ ಅನ್ನಂಗಿಲ್ಲಲ್ಲ, ಫರೀನ?"

ಡೈರಿಯ ಎರಡು ಪುಟ ಅದಕ್ಕೇ ಹೋದವು. ನಕಾಶೆಯ ಮೇಲೆ ಸಾಂಬ್ರಾ ವಿಮಾನ ನಿಲ್ದಾಣದಿಂದ ಮುಂಬೈಗೆ ಗೆರೆ ಎಳೆದೆ. ದಡ್ಡಿ ಎಡಕ್ಕೆ ಬಂತು. ಬೆಳಗಿನ ವಿಮಾನವಾದರೆ ಸೂರ್ಯ ಬಲಕ್ಕೆ, ಕಣ್ಣಿಗೆ ಹೊಡೆಯುವುದಿಲ್ಲ. ರೆಕ್ಕೆ ಅಡ್ಡ ಬಾರದಂತೆ ಹಿಂದಿನ ಸಾಲು. ಹಾರಿದ ಆರೇಳು ನಿಮಿಷಕ್ಕೆ ಊರು. ಅಮ್ಮಿ ದಡ್ಡಿಯಲ್ಲಿದ್ದ ನೆಂಟರ ಹುಡುಗ ಶಾರುಖನಿಗೆ ಫೋನ್ ಮಾಡಿ, ಮೇಲಿನಿಂದ ಕಾಣಲೆಂದು ಕಬರಿಗೆ ಸುಣ್ಣ ಹೊಡೆಸಿದಳು. ಅಷ್ಟೆತ್ತರದಿಂದ ಮರ ಕಂಡರೇ ಹೆಚ್ಚು ಎಂದು ನಾನು ಹೇಳಲಿಲ್ಲ.

ಸಣ್ಣ ವಿಮಾನ, ಅತ್ತ ಎರಡು, ಇತ್ತ ಎರಡು ಸೀಟು. ಅಮ್ಮಿ ಕಿಟಕಿಗೆ ಕುಳಿತು ಸೆರಗಿನಿಂದ ಗಾಜು ಒರೆಸಿದಳು. ನಡುದಾರಿಯಾಚೆ ಕಲ್ಲೋಳಿಯ ಕೆಂಪವ್ವ ಎಂಬ ಅಜ್ಜಿ ನಿಂಬೆಹಣ್ಣು ಮೂಸುತ್ತ ಬೆವರುತ್ತಿದ್ದರು. ಮುಂದಿನ ಸಾಲಿನಿಂದ ಅವರ ಮಗ ತಿರುಗಿದ.

"ಇನ್ನ ಗಾಡಿ ಹೊಂಟೇ ಇಲ್ಲ, ಆಗಲೇ ವಾಂತಿ ಏನಬೇ?"

"ನೀ ಸುಮ್ಕಿರೋ. ಹೊಟ್ಟಿ ನಂದು, ನಿಂದಲ್ಲ."

ಅಮ್ಮಿ ಎದ್ದೇಬಿಟ್ಟಳು. "ಇತ್ತ ಬರ್ರಿ ಯವ್ವಾ, ಖಿಡಕಿ ಬಾಜೂ ಕುಂದರ್ರಿ. ಗಾಳಿ ಹತ್ತಿದ್ರ ಆರಾಮ ಆಕ್ಕೈತಿ."

ನಮ್ಮ ಮೂಡಲಗಿ ಬಸ್ಸಿನಲ್ಲಿ ಹಾಗೆಯೇ. ವಾಂತಿ ಬರುವವರಿಗೆ ಕಿಟಕಿ. ಅವರು ಕೇಳಬೇಕಾಗಿಲ್ಲ, ಉಳಿದವರು ಎದ್ದು ಕೊಡುತ್ತಾರೆ. ನಾನು ಅಮ್ಮಿಯ ತೋಳು ಹಿಡಿದೆ. "ಊರು ಬಂದಾಗ ಬಗ್ಗಿ ನೋಡ್ತೀನಿ ತಗೋ" ಎಂದು ಕೈ ಬಿಡಿಸಿಕೊಂಡು ಆಚೆ ಅಜ್ಜಿಯ ಸೀಟಿಗೆ ಹೋಗಿ ಕುಳಿತಳು.

ಕೆಂಪವ್ವ ಗಾಜಿನ ಸುತ್ತ ತಡಕಾಡಿದರು. "ಇದನ್ನ ತೆಗಿಯೋದು ಹೆಂಗ, ತಂಗಿ?"

"ತೆಗಿಯಾಕ ಬರಂಗಿಲ್ರಿ."

"ಅಯ್ಯ! ಹಂಗಾರ ಖಿಡಕಿ ಯಾಕ ಇಟ್ಟಾರ?"

ವಿಮಾನ ಏರಿತು. ಕೆಳಗೆ ಹೊಲಗಳು ಓರೆಯಾದದ್ದೇ ಅವರು "ತಲಿ ತಿರಗತೈತಿ ಯಪ್ಪಾ" ಎಂದು ಕಿಟಕಿಯ ಮುಚ್ಚಳ ಎಳೆದು, ನನ್ನ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿದರು.

ಗಡಿಯಾರ ನೋಡಿದೆ. ನಾಲ್ಕು ನಿಮಿಷ. ಅಜ್ಜಿ, ಒಂದೀಟ ತೆಗಿತೀನ್ರಿ. ಇಷ್ಟು ಅಂದಿದ್ದರೆ ಸಾಕಿತ್ತು. ಐದು. ಆರು. ಯಾರಾದರೂ ಕೆಮ್ಮಿದರೂ, ಅಜ್ಜಿಯನ್ನು ಎಬ್ಬಿಸಬೇಡ ಎಂದು ನನಗೇ ಬೈದಂತಾಗುತ್ತಿತ್ತು. ಏಳು. ಅವರ ಉಸಿರು ನಿಧಾನವಾದ ಮೇಲೆ ಕೈ ಚಾಚಿ ಮುಚ್ಚಳ ಸರಿಸಿದೆ. ಕಂದು ಗುಡ್ಡಗಳು, ಯಾವುದೋ ರಸ್ತೆ. ನದಿ ಇರಲಿಲ್ಲ. ಹನ್ನೊಂದು ನಿಮಿಷವಾಗಿತ್ತು.

ಅಮ್ಮಿ ಆಚೆಯಿಂದ ಬಾಗಿದಳು. ನಾವಿಬ್ಬರು ಅಡ್ಡವಿದ್ದುದರಿಂದ ಅವಳಿಗೆ ಕಿಟಕಿ ಕಾಣುತ್ತಿರಲಿಲ್ಲ.

"ಬಂತೇನ?"

"ಈಗ ಹೋತು, ಅಮ್ಮಿ."

"ನೀ ನೋಡಿದಿ?"

"ಹ್ಞೂಂ."

"ಹೆಂಗೈತಿ?"

"ಬೆಳ್ಳಗ ಐತಿ. ಮ್ಯಾಲ ಹುಣಸಿ ಮರದ ನೆಳ್ಳು ಬಿದ್ದೈತಿ."

"ನೆಳ್ಳ ಐತಿ?" ಅಮ್ಮಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ನಾ ಬಿಸಲಾಗ ಅದಾನ ಅಂತ ತಿಳಕೊಂಡಿದ್ದೆ."

ಎರಡೂ ಅಂಗೈ ಎತ್ತಿ ದುವಾ ಮಾಡಿ ಮುಖ ಸವರಿಕೊಂಡಳು. ಆಮೇಲೆ ನನ್ನ ಹೆಗಲ ಮೇಲಿದ್ದ ತಲೆಯನ್ನು ನೋಡಿ ಮೆಲ್ಲಗೆ ಕೇಳಿದಳು:

"ಆ ಯವ್ವಗ ಆರಾಮ ಆತೇನ?"

"ಆಗೈತಿ" ಎಂದೆ. ಅದೊಂದು ಮಾತಾದರೂ ಖರೆ ಇತ್ತು.