ರೇವಮ್ಮನ ಗದ್ದುಗೆಯ ಮೇಲೆ ಹಳಿ

ಸೇತುವೆಗೆ ಒಂದು ಸಾವು ಬೇಕಾಗಿತ್ತು.

ಸಾವಿಲ್ಲದ ರೈಲಿಗೆ ಚರಿತ್ರೆಯ ಗಾಂಭೀರ್ಯ ಬರುವುದಿಲ್ಲವೆಂದು ವಕೀಲ ಪರಮಶಿವಯ್ಯ ನಂಬಿದ್ದ. ಹೊಳೆನರಸೀಪುರದ ಮನೆಯ ಮುಂಗೋಣೆಯಲ್ಲಿ, ಕಕ್ಷಿಗಾರರು ಕೂರಬೇಕಾಗಿದ್ದ ಜಾಗದಲ್ಲಿ, ಎರಡು ಮೇಜು ಜೋಡಿಸಿ ತಗಡಿನ ಹಳಿ ಹಾಸಿ, ನಡುವೆ ಒಂದು ಸೇತುವೆ ಕಟ್ಟಿದ್ದ. ಅದರ ಮೇಲೆ ಓಡುವ ಕೀಲಿ ಎಂಜಿನ್ನು, ಬೆಂಗಳೂರಿನ ದಂಡಿನಲ್ಲಿ ಊರು ಬಿಡುತ್ತಿದ್ದ ದೊರೆಯೊಬ್ಬ ಹರಾಜು ಹಾಕಿದ್ದು. ಹೊಳೆನರಸೀಪುರದಿಂದ ಅರಕಲಗೂಡಿನ ಮೇಲೆ ಕೊಣನೂರಿಗೆ ಹೋಗುವ ಲೈನು ಅದು. ಭೂಮಿಯ ಮೇಲೆ ಅಂಥ ಲೈನು ಇರಲಿಲ್ಲ; ಯುದ್ಧದ ಈ ಕಾಲದಲ್ಲಿ ಇದ್ದ ಹಳಿಗಳನ್ನೇ ಕಿತ್ತು ಸಾಗಿಸುತ್ತಾರೆಂಬ ಸುದ್ದಿ ಇತ್ತು. ಹಾಗಾಗಿ ಅದರ ಚರಿತ್ರೆ ಪೂರಾ ಅವನ ಕೈಯಲ್ಲಿತ್ತು. ಸರ್ವೆ ಮಾಡಿದ ಎಂಜಿನಿಯರನಿಗೆ ಚಳಿಜ್ವರ ಕೊಟ್ಟಿದ್ದ. ಅರಕಲಗೂಡಿನ ಸ್ಟೇಷನ್ ಮಾಸ್ತರನಿಗೆ ಚೆಲುವೆಯಾದ ಹೆಂಡತಿಯನ್ನೂ ಅವಳ ಬಗ್ಗೆ ಸಂಶಯವನ್ನೂ ಒಟ್ಟಿಗೆ ಕೊಟ್ಟಿದ್ದ. ಕೋರ್ಟಿನಲ್ಲಿ ಅವನು ವಾದಿಸುವಾಗ ಮುನ್ಸೀಫರು ಕಿಟಕಿಯ ಕಡೆ ನೋಡುತ್ತಿದ್ದರು. ಇಲ್ಲಿ ಅವನು ಅಂದದ್ದು ಅಂದಂತೆ ಆಗುತ್ತಿತ್ತು.

ಮೇಜಿನ ಹಲಗೆಯಲ್ಲಿ ಒಂದು ಗಂಟು ಎದ್ದಿತ್ತು. ಅದನ್ನು ಕೆತ್ತಿಸಿ ಮೇಲೇ ಹಳಿ ಹಾಕಿಸಿದ್ದ. ಕಳೆದ ವಾರ ಹೈಸ್ಕೂಲು ಮೇಷ್ಟ್ರು ಗೌರೀಶಂಕರ ಬಂದು, ಕೆತ್ತಿದ ಜಾಗ ತೋರಿಸಿ, ಇಲ್ಲೇನಿತ್ತಯ್ಯಾ ಮೊದಲು ಎಂದು ಕೇಳಿದಾಗ ಥಟ್ಟನೆ ಹೊಳೆಯಿತು: ಗದ್ದುಗೆ, ಸಮಾಧಿ. ಯಾರದು? ತನ್ನ ಜಮೀನನ್ನು ಬೆಳೆಯ ಪಾಲಿಗೆ, ವಾರಕ್ಕೆ ಮಾಡುವ ದೊಡ್ಡಯ್ಯನ ತೀರಿಹೋದ ಹೆಂಡತಿ ರೇವಮ್ಮನದು. ಅರಕಲಗೂಡಿನ ಬಸ್ಸಿನ ಕಿಟಕಿಯಿಂದ ಕಾಣುತ್ತಿತ್ತಲ್ಲ, ದೊಡ್ಡಯ್ಯನ ಸ್ವಂತ ತುಂಡು ಹೊಲದಲ್ಲಿ. ಒಂದು ತೊಟ್ಟು ನಿಜ ಬಿದ್ದರೆ ಸುಳ್ಳು ಚೆನ್ನಾಗಿ ಹೆಪ್ಪುಗಟ್ಟುತ್ತದೆ. ರೈಲು ಕಂಪನಿಯವರು ಅವಳನ್ನು ಹೇಗೆ ಅಗೆದರು, ಎಲುಬನ್ನು ಮಣ್ಣಿನ ಜೊತೆಗೇ ಹೇಗೆ ಹಳಿಯ ಏರಿಗೆ ಸುರಿದರು ಎಂದು ವರ್ಣಿಸಿದ. ಗೌರೀಶಂಕರ ಬಿದ್ದು ಬಿದ್ದು ನಕ್ಕ. ಭತ್ತ ತಂದು ಜಗಲಿಯ ಮೇಲೆ ಕೂತಿದ್ದ ದೊಡ್ಡಯ್ಯ ನಗಲಿಲ್ಲ.

ಇವತ್ತು ಬೆಳಿಗ್ಗೆ ಅದೇ ದೊಡ್ಡಯ್ಯ ಬಾಗಿಲಲ್ಲಿ ನಿಂತು ಮೇಜನ್ನೇ ನೋಡುತ್ತಿದ್ದ. ಹಿಂದೆ ಕಾಲುವೆ ತೋಡುವ ಮೊದಲು ಅಮಲ್ದಾರರು ಸಂತೆಮಾಳದಲ್ಲಿ ಗಾರೆಯ ಪುಟ್ಟ ಕಾಲುವೆ ಮಾಡಿಸಿ ಜನಕ್ಕೆ ತೋರಿಸಿದ್ದರು. ಆಮೇಲೆ ಅದೇ ಕಾಲುವೆ, ಅದೇ ತಿರುವುಗಳೊಡನೆ, ಹೊಲಗಳ ಮೇಲೆ ಬಂದಿತ್ತು. ಸರ್ಕಾರ ಹೀಗೇ, ಮೊದಲು ಚಿಕ್ಕದಾಗಿ ಬರುತ್ತದೆಂದು ದೊಡ್ಡಯ್ಯನಿಗೆ ಗೊತ್ತಿತ್ತು.

"ಅದು ಅವಳ ಮ್ಯಾಲೇ ಓಯ್ತದಾ ಸಾ?"

ಪರಮಶಿವಯ್ಯನಿಗೆ ನಗು ಬಂತು. ತನ್ನ ಲೈನನ್ನು ನಂಬಿದವನು ಪ್ರಪಂಚದಲ್ಲಿ ಇವನೊಬ್ಬನೇ ಎಂದು ಹೊಳೆದು ನಗು ನಿಂತಿತು.

"ಹೌದು."

"ವಸಿ ಪಕ್ಕುಕ್ಕೆ ತಿರುಗ್ಸಾಕಾಗಲ್ವಾ?"

"ಹಳಿ ಯಾರಿಗೋಸ್ಕರಾನೂ ಬಗ್ಗಲ್ಲ, ದೊಡ್ಡಯ್ಯ." ಮೇಜಿನ ಮೇಲೆ ಹಳಿ ದುಂಡಗೆ ಸುತ್ತಿ ಬಂದಿತ್ತು.

"ನಾವೇ ಎತ್ತಿ ಬ್ಯಾರೆ ಕಡೆ ಮಡಗಿದ್ರೆ? ಲಿಂಗೈಕ್ಯ ಆದೋಳ್ನ ಎಬ್ಬಿಸ್ದ್ರೆ ನಿನ್ ಹೊಸಲು ತುಳಿಯಕಿಲ್ಲ ಅಂದವ್ರೆ ಮಠದ ಅಯ್ಯನೋರು. ನಿಮ್ ಬಾಯಲ್ಲಿ ಕೇಳ್ಕಂಡು ಓಗಾನ ಅಂತ ಬಂದೆ."

ಇದು ಆಟದ ಸಾಮಾನು ಕಣಯ್ಯ, ಎಂಬ ಮಾತು ನಾಲಿಗೆಯವರೆಗೂ ಬಂತು. ಬಿ.ಎ., ಬಿ.ಎಲ್. ಮಾಡಿದವನು ವಾರದಾರನ ಎದುರು ಅಂಥ ಮಾತನ್ನು ಆಡುವುದು ಹೇಗೆ?

"ಅದು ನಿನ್ನಿಷ್ಟ. ಕಂಪನಿಯವರ ಕೈಗೆ ಸಿಕ್ಕರೆ ಏನಾಗುತ್ತೆ ಅಂತ ಅವತ್ತೇ ಕೇಳಿದೆಯಲ್ಲ."

ದೊಡ್ಡಯ್ಯ ಕೈಮುಗಿದು ಹೋದ. ಪರಮಶಿವಯ್ಯ ಸೇತುವೆಗೆ ವಾಪಸು ಬಂದ. ಹೊಳೆ ಬಂದು ಡಬ್ಬಿಗಳು ಕೊಚ್ಚಿಹೋದವು ಅನ್ನೋಣವೇ? ತೀರಾ ಸವಕಲು.

ಮಧ್ಯಾಹ್ನ ಅವನ ಮಡದಿ ಗಂಗಾಂಬಿಕೆ ಎಲೆಗೆ ಮುದ್ದೆ ಇಕ್ಕುತ್ತ, ದೊಡ್ಡಯ್ಯ ಹಿತ್ತಲ ಕಡೆಯಿಂದ ಬಂದಿದ್ದನೆಂದಳು. ಹೆಂಡತಿಯನ್ನು ಸುತ್ತುವುದಕ್ಕೆ ಮಡಿಬಟ್ಟೆ ಕೇಳಿದನಂತೆ.

"ಕೊಟ್ಟೆ. ನಿಮ್ಮ ಕೆಂಪಂಚಿನ ಪಂಚೆ."

ಅವನು ಮುದ್ದೆ ಮುರಿದ.

"ಅಂತೂ ನಿಮ್ಮ ರೈಲಿಗೆ ಮೊದಲನೇ ಪ್ಯಾಸೆಂಜರ್ ಸಿಕ್ಕಳು."

"ಅಗಿ ಅಂತ ನಾನೇನೂ ಹೇಳಲಿಲ್ಲ."

"ಬೇಡ ಅಂದ್ರಾ?"

"ಸಾರು ಹಾಕು," ಎಂದ.

ಅವಳು ಸಾರು ಹಾಕಲಿಲ್ಲ. ಇವತ್ತೇ ಅಗೆಯುತ್ತಾನೆ, ಬೇಗ ಹೋದರೆ ಸಿಗುತ್ತಾನೆ ಎಂದಷ್ಟೇ ಹೇಳಿ ಒಳಗೆ ಹೋದಳು. ಅವನು ಕೈತೊಳೆದು ಸೈಕಲ್ ತೆಗೆದ. ದಾರಿಯುದ್ದಕ್ಕೂ ನಿಜವನ್ನು ದಾವಾ ಅರ್ಜಿಯಂತೆ ಜೋಡಿಸಿದ: ಮೊದಲು ಆಟಿಕೆಯ ಸ್ವರೂಪ, ಆಮೇಲೆ ಹಾಸ್ಯದ ಸಂದರ್ಭ, ಕೊನೆಗೆ ತಪ್ಪು ತಿಳಿದವನದೇ ತಪ್ಪು. ಅಚ್ಚುಕಟ್ಟಾಗಿ ಬಂದದ್ದು ಖುಷಿಯಾಗಿ, ಇನ್ನೊಮ್ಮೆ ಮೊದಲಿನಿಂದ ಹೇಳಿಕೊಳ್ಳಲು ನೆರಳಲ್ಲಿ ಸೈಕಲ್ ನಿಲ್ಲಿಸಿದ.

ಹೊಲ ಸೇರಿದಾಗ ಗುಂಡಿ ಬಾಯಿ ತೆರೆದಿತ್ತು.

ಊರವರು ಬದುವಿನ ಮೇಲೆ ನಿಂತಿದ್ದರು. ಒಬ್ಬರೂ ಹೊಲಕ್ಕೆ ಇಳಿದಿರಲಿಲ್ಲ. ದೊಡ್ಡಯ್ಯನ ಮಗ ಪಾಲಾಕ್ಷ, ತಾನೂ ಎರಡು ಮಕ್ಕಳ ತಂದೆ, ದೂರದಲ್ಲಿ ಕೈಕಟ್ಟಿ ನಿಂತಿದ್ದ. ಗುಂಡಿಯಲ್ಲಿ ದೊಡ್ಡಯ್ಯ ಒಬ್ಬನೇ. ಗುಂಡಿಯ ಅಂಚಿನಲ್ಲಿ, ಕೆಂಪಂಚಿನ ಪಂಚೆಯ ಮೇಲೆ ಗಟ್ಟಿಯಾದ ವಿಭೂತಿ, ಎಲುಬು, ಅಂಗೈಯಗಲದ ವಸ್ತ್ರದಲ್ಲಿ ಲಿಂಗ. ಜಡೆ ಇನ್ನೂ ಜಡೆಯಾಗಿಯೇ ಇತ್ತು.

"ನೀವೇ ಯೋಳಿ ಸಾ," ಎಂದ ಪಾಲಾಕ್ಷ. "ನಮ್ಮಪ್ಪುಂಗೆ ತಲೆ ಕೆಟ್ಟದೋ, ರೈಲು ನಿಜ್ವಾಗ್ಲೂ ಬತ್ತದೋ? ರೈಲು ಸುಳ್ಳಾದ್ರೆ ನಮ್ ಮನೆಗೆ ಬೆಂಕಿ ನೀರು ಕೊಡಾಕಿಲ್ಲ ಅಂತವ್ರೆ ಊರೋರು. ನನ್ ಮಕ್ಕಳ್ಗೂವೆ."

ಬದುವಿನ ಮೇಲಿನವರೆಲ್ಲ ಪರಮಶಿವಯ್ಯನ ಬಾಯಿ ನೋಡಿದರು. ಮುನ್ಸೀಫರು ಎಂದೂ ಹಾಗೆ ನೋಡಿರಲಿಲ್ಲ. ನಿಜ ಹೇಳಿದರೆ ಈ ಮುದುಕ ಒಂದು ಆಟದ ಸಾಮಾನಿಗೆ ಹೆಂಡತಿಯನ್ನು ಅಗೆದಂತಾಗುತ್ತದೆ. ಇನ್ನು ಸುಳ್ಳೇ ದಯೆ. ವಾಕ್ಯ ಚೆನ್ನಾಗಿ ಕೂತಿತು.

"ಬರುತ್ತೆ," ಎಂದ.

"ಯಾವಾಗ?" ಬದುವಿನಿಂದ ಯಾರೋ ಕೇಳಿದರು.

"ಸರ್ಕಾರದ ಕೆಲಸ. ಇಂಥಾ ದಿನ ಅಂತ ಹೇಳೋಕಾಗಲ್ಲ."

ದೊಡ್ಡಯ್ಯ ಗುಂಡಿಯಿಂದ ಹತ್ತಿ ಬಂದ. ಮುಖ ಮಣ್ಣಾಗಿತ್ತು, ಅದರಲ್ಲೊಂದು ಸಮಾಧಾನವಿತ್ತು. ಹೊಲದ ಇನ್ನೊಂದು ಮೂಲೆಯಲ್ಲಿ ಹೊಸ ಗುಂಡಿಗೆ ಗುರುತು ಹಾಕಿದ್ದ.

"ಅವಳು ಗದ್ಲಕ್ಕೆ ಎದರ್ತಿದ್ಲು ಸಾ. ರೈಲ್ಗೆ ಬೆನ್ ಮಾಡಿ ಕುಂಡ್ರಿಸ್ಬುಡ್ತೀನಿ. ಯಾವ್ ಕಡೆಯಿಂದ ಬತ್ತದೆ?"

ಪರಮಶಿವಯ್ಯ ಕೈಯೆತ್ತಿ ತೋರಿಸಿದ.

ದೊಡ್ಡಯ್ಯ ಆ ಕಡೆ ತಿರುಗಿದ. ಪಾಲಾಕ್ಷ ತಿರುಗಿದ. ಬದುವಿನ ಮೇಲೆ ಒಂದೊಂದೇ ತಲೆ ತಿರುಗಿತು. ರಾಗಿಯ ಕೂಳೆ, ಅದರಾಚೆ ಬೋಳು ದಿಣ್ಣೆ, ಅದರ ಮೇಲೆ ಏನೂ ಇಲ್ಲ. ಯಾರೂ ಕಣ್ಣು ಕೀಳಲಿಲ್ಲ. ಎತ್ತಿದ ಕೈಯನ್ನು ಇಳಿಸದೆ ಪರಮಶಿವಯ್ಯನೂ ಅವರ ಜೊತೆ ಆ ಕಡೆಗೆ ಕಿವಿಗೊಟ್ಟು ನಿಂತ.