ಮೇಸ್ತ್ರಿಯ ತಟ್ಟೆಗೆ ದ್ರಾಕ್ಷಿ ಬೇಡ

ದೊಡ್ಡಬೆಳವಂಗಲದ ಆಚೆ ಒಂದೂವರೆ ಎಕರೆಯಲ್ಲಿ ದ್ರಾಕ್ಷಿ ಬೆಳೆಯುವ ವೆಂಕಟರಾಮಪ್ಪನವರ ಮನೆಗೆ ಬೀದಿನಾಯಿಯೊಂದು ತಾನಾಗಿ ಬಂದು ಸೇರಿಕೊಂಡಿತು. ಹಿಂದಿನ ಬೆಳೆಯ ಕಟಾವಿಗೆ ಆಳುಗಳು ಬಂದ ದಿನ ಅವರ ಹಿಂದೆಯೇ ಬಂದಿತ್ತು. ಸಂಜೆ ಆಳುಗಳು ಹೋದರು, ಅದು ಹೋಗಲಿಲ್ಲ. ಮಾರನೆಯ ದಿನವೂ ಚಪ್ಪರದ ನೆರಳಲ್ಲಿ ಕೂತು, ತಾನು ಒಂದು ಕಡ್ಡಿಯನ್ನೂ ಎತ್ತಿಡದೆ, ಕೆಲಸ ಮಾಡುವವರನ್ನೆಲ್ಲ ಗಮನಿಸುತ್ತಿತ್ತು. ಅದನ್ನು ನೋಡಿ ಯಜಮಾನರ ಹೆಂಡತಿ ಸೊಣ್ಣಮ್ಮ ‘ಮೇಸ್ತ್ರಿ’ ಎಂದು ಹೆಸರಿಟ್ಟರು. ಹೆಸರು ಒಪ್ಪಿತು.

ಮೇಸ್ತ್ರಿ ಕೆಲಸಗಳ್ಳನೇನಲ್ಲ. ಗಿಳಿಗಳ ಹಿಂಡು ಚಪ್ಪರಕ್ಕೆ ಇಳಿದರೆ ಆ ತುದಿಯಿಂದ ಈ ತುದಿಗೆ ಓಡಿ ಅಷ್ಟನ್ನೂ ಎಬ್ಬಿಸುತ್ತಿತ್ತು. ಅದನ್ನು ಕಂಡು ಊರಿಗೆಲ್ಲ ಪ್ರೀತಿ. ತೊಂದರೆ ಬಂದದ್ದು ಆ ಪ್ರೀತಿಯಿಂದಲೇ. ಸಾಕಿದ್ದು ಒಂದು ಮನೆ, ತಿನ್ನಿಸುತ್ತಿದ್ದುದು ಇಡೀ ಬೀದಿ. ಬೆಳಿಗ್ಗೆ ಟೀ ಅಂಗಡಿಯಲ್ಲಿ ಟೀಗೆ ಅದ್ದಿದ ಬಿಸ್ಕತ್ತು. ಮಧ್ಯಾಹ್ನ ಉಪ್ಪು, ಖಾರ, ಈರುಳ್ಳಿ ಎಲ್ಲ ಬಿದ್ದ ಸಾರು, ಮುದ್ದೆ. ಭಾನುವಾರ ನಾಲ್ಕು ಮನೆಯ ಮೂಳೆ. ಶನಿವಾರ ಸೊಣ್ಣಮ್ಮನ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲವಾದ್ದರಿಂದ, ಯಾವ ಹರಕೆಯನ್ನೂ ಹೊರದ ಮೇಸ್ತ್ರಿಗೂ ಅಂದು ಬರೀ ಪಾಯಸ.

ಇವೆಲ್ಲದರ ಮೇಲೆ ವೆಂಕಟರಾಮಪ್ಪನವರದು ಒಂದು ವಿಶೇಷ ಸೇವೆ. ಗೊಂಚಲಿನಿಂದ ಉದುರಿದ ಹಣ್ಣನ್ನು ಮೇಲಕ್ಕೆ ಎಸೆಯುವರು. ಮೇಸ್ತ್ರಿ ಗಾಳಿಯಲ್ಲೇ ಗಬಕ್ಕನೆ ಹಿಡಿಯುವುದು. ಈ ಆಟ ನೋಡದೆ ಅವರ ತೋಟದಿಂದ ಯಾರೂ ವಾಪಸು ಹೋಗುವಂತಿರಲಿಲ್ಲ.

ಒಂದು ದಿನ ಹಸುವಿಗೆ ಲಸಿಕೆ ಹಾಕಿಸುವ ವಿಷಯ ಹೇಳಲು ಮಮತ ಬಂದಳು. ಮಮತ ಸೊಣ್ಣಮ್ಮನ ಸ್ವಸಹಾಯ ಸಂಘದವಳೇ. ತರಬೇತಿ ಪಡೆದು ಪಶು ಸಖಿಯಾಗಿ, ಮನೆಮನೆಯ ದನ, ಕುರಿ, ಕೋಳಿಗಳ ಯೋಗಕ್ಷೇಮ ನೋಡುತ್ತಾಳೆ. ನೆಂಟಸ್ತಿಕೆ ಇಲ್ಲದಿದ್ದರೂ ಊರಿನ ರೂಢಿಯಂತೆ ಇವರನ್ನು ಮಾವ, ಅತ್ತೆ ಎನ್ನುವಳು.

“ಏನ್ ಮಾವ, ಮೇಸ್ತ್ರಿ ಬೆನ್ನ ಮೇಲೆ ಕೂದ್ಲೇ ಇಲ್ವಲ್ಲ?”

“ಬಿಸ್ಲು ಕಣಮ್ಮ. ನನ್ ತಲೆ ಮೇಲೂ ಇಲ್ಲ, ನನ್ನ ಯಾರೂ ಕೇಳಲ್ಲ.”

ಮಮತ ನಗುತ್ತಲೇ ನಾಯಿಯ ಪಕ್ಕೆ ಸವರಿ ನೋಡಿದಳು. “ಪಕ್ಕೆಲುಬು ಕಣ್ಣಿಗೆ ಎದ್ದು ಕಾಣ್ಬಾರ್ದು, ಕೈಗೆ ಸಿಗ್ಬೇಕು. ಇಲ್ಲಿ ಹುಡುಕಿದ್ರೂ ಸಿಗ್ತಿಲ್ಲ, ಅಷ್ಟ್ ಬೊಜ್ಜು. ಮೈಯೆಲ್ಲಾ ಕೆರ್ಕೊಂಡೈತೆ. ಏನ್ ಹಾಕ್ತೀರ ಅತ್ತೆ?”

“ನಾವ್ ತಿನ್ನೋದೇ ಹಾಕ್ತೀನಮ್ಮ. ಭೇದ ಮಾಡಲ್ಲ,” ಎಂದರು ಸೊಣ್ಣಮ್ಮ.

“ಅದೇ ತಪ್ಪಾಗಿರೋದು.”

ವೆಂಕಟರಾಮಪ್ಪನವರಿಗೆ ಮಾತು ಬೇರೆ ಕಡೆ ತಿರುಗಿಸಬೇಕೆನಿಸಿತು. “ಅದಿರ್ಲಿ, ಇಲ್ ನೋಡು,” ಎಂದು ಒಂದು ಹಣ್ಣು ಎಸೆದರು. ಮೇಸ್ತ್ರಿ ಬಾಯಿ ಹಾಕುವ ಮೊದಲೇ ಮಮತ ಕೈ ಹಾಕಿದಳು.

“ಮಾವ, ದ್ರಾಕ್ಷಿ ಮಾತ್ರ ಬೇಡಿ. ನಾಯಿಗೆ ವಿಷ ಅದು. ಕಿಡ್ನಿನೇ ಹೋಗ್ಬಿಡ್ತದೆ.”

ಮೂವತ್ತು ವರ್ಷದಿಂದ ದ್ರಾಕ್ಷಿ ಬೆಳೆದ ಮನುಷ್ಯನಿಗೆ ಯಾರಾದರೂ ಹೀಗೆ ಹೇಳಬಹುದೆ? ಮಗಳ ಗುಣ ಸರಿಯಿಲ್ಲ ಎಂದಷ್ಟೇ ನೋವಾಯಿತು ಅವರಿಗೆ.

“ವಿಷಾನಾ? ಆಸ್ಪತ್ರೇಲಿ ಮಲಗಿರೋರಿಗೆ ತಗೊಂಡೋಗಿ ಕೊಡ್ತಾರೆ ಕಣಮ್ಮ ಇದನ್ನ! ಔಷ್ದಿ ಹೊಡೆದಿರೋದಕ್ಕೆ ಹಂಗಂತೀಯಾ? ನಾನು ತೊಳ್ದೇ ಹಾಕೋದು.”

“ತೊಳೆದ್ರೂ ಅಷ್ಟೇ. ಮನುಷ್ಯರಿಗೆ ಒಳ್ಳೇದೇ, ನಾಯಿಗೆ ಈ ಹಣ್ಣೇ ಆಗಲ್ಲ. ಒಣದ್ರಾಕ್ಷೀನೂ ಅಷ್ಟೇ. ಪಾಯ್ಸ ಹಾಕ್ಬೇಡಿ ಅತ್ತೆ.”

“ಇಷ್ಟ್ ದಿನ ನನ್ ಕೈಯಿಂದ ತಿಂದಿರೋದು? ಏನಾಗೈತೆ?”

“ಒಂದ್ ನಾಯಿ ಹತ್ ತಿಂದ್ರೂ ಓಡಾಡ್ಕೊಂಡಿರ್ತದೆ, ಇನ್ನೊಂದಕ್ಕೆ ನಾಕೇ ಸಾಕು. ಇವತ್ ಅರಗಿದ್ದು ನಾಳೆ ಅರಗುತ್ತೆ ಅಂತ ಯಾವ ಡಾಕ್ಟ್ರೂ ಬರ್ಕೊಡಲ್ಲ.”

“ಸರಿ ಕಣಮ್ಮ,” ಎಂದರು ವೆಂಕಟರಾಮಪ್ಪ. ‘ಸರಿ’ ಎಂದರೆ ನೀನಿನ್ನು ಹೊರಡು ಎಂದು.

ಎಂಟು ದಿನ ಕಳೆದಿರಬೇಕು. ಹಣ್ಣು ನೋಡಲು ವ್ಯಾಪಾರದವರು ಬಂದರು. ಒಳ್ಳೆಯ ಬೆಳೆ, ನಾಲ್ಕು ಜನ ನೋಡುಗರು, ಪಕ್ಕದಲ್ಲೇ ಮೇಸ್ತ್ರಿ. ಮನಸ್ಸು ತಡೆಯಲಿಲ್ಲ. ಎಸೆದರು, ಹಿಡಿಯಿತು. ಚಪ್ಪಾಳೆ ಬಿತ್ತು. ಇನ್ನಷ್ಟು ಎಸೆದರು.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಮೂರು ಸಲ ವಾಂತಿ ಮಾಡಿಕೊಂಡು ಗೋಡೆ ಪಕ್ಕ ಮಲಗಿತು. ಚಪ್ಪರಕ್ಕೆ ಗಿಳಿಗಳು ಇಳಿದವು. ಅದು ಕಿವಿಯನ್ನೂ ಎತ್ತಲಿಲ್ಲ. ಸೊಣ್ಣಮ್ಮ ಮಮತಳಿಗೆ ಫೋನು ಮಾಡಿ, ಅವಳು ಬರುವಷ್ಟರಲ್ಲಿ ಲೋಟದಲ್ಲಿ ಉಪ್ಪುನೀರು ಕಲಸಿಟ್ಟುಕೊಂಡಿದ್ದರು.

“ಅದನ್ನ ಕುಡಿಸ್ಬೇಡಿ ಅತ್ತೆ, ಇನ್ನೂ ಕೆಡ್ತದೆ,” ಎಂದು ಸ್ಕೂಟರಿನಿಂದ ಇಳಿಯುತ್ತಲೇ ಕೂಗಿದಳು ಮಮತ. “ನೆನ್ನೆಯಿಂದ ಏನೇನ್ ತಿಂತು?”

ಸೊಣ್ಣಮ್ಮ ನೆನೆಸಿಕೊಂಡು ಒಂದೊಂದಾಗಿ ಹೇಳಿದರು.

“ಮಾವ, ನೀವೇನಾರ ಕೊಟ್ರಾ?”

“ನಾನಾ? ಇಲ್ಲಪ್ಪ.”

ಹೇಳಿಯೇನೋ ಬಿಟ್ಟರು. ಆದರೆ ಅವರ ದನಿ ಕೇಳಿದ್ದೇ ತಡ, ಮಲಗಿದ್ದ ಮೇಸ್ತ್ರಿ ಕಣ್ಣು ತೆರೆಯದೆ ಬಾಲವನ್ನು ಎರಡು ಸಲ ನೆಲಕ್ಕೆ ಬಡಿಯಿತು. ವೆಂಕಟರಾಮಪ್ಪ ಹೆಗಲ ಟವೆಲು ತೆಗೆದು ಮುಖ ಒರೆಸಿಕೊಂಡರು.

“ಕೊಟ್ಟೆ ಕಣಮ್ಮ. ದ್ರಾಕ್ಷಿ. ಎರಡ್ ಗೊಂಚಲಷ್ಟು ಇರ್ಬೋದು. ನೆನ್ನೆ ಸಾಯಂಕಾಲ ನಾಕ್ ಗಂಟೇಲಿ.”

ಸೊಣ್ಣಮ್ಮ ಗಂಡನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ. ಮಮತ ಮಾತ್ರ ‘ನಾನ್ ಹೇಳಿರ್ಲಿಲ್ವಾ’ ಎನ್ನಲಿಲ್ಲ. ಅಂಥ ಅವಕಾಶ ಯಾರಿಗೂ ದಿನಾ ಸಿಗುವುದಿಲ್ಲ. ಸಿಕ್ಕಿದ್ದನ್ನು ಬಿಟ್ಟುಕೊಟ್ಟು ಅವಳು ಡಾಕ್ಟರಿಗೆ ಫೋನು ಹಚ್ಚಿದಳು. ಹಣ್ಣಿನ ಕ್ರೇಟು ಸಾಗಿಸುವ ಗಾಡಿಯಲ್ಲೇ ಮೇಸ್ತ್ರಿಯನ್ನು ಮಲಗಿಸಿಕೊಂಡು ದೊಡ್ಡಬಳ್ಳಾಪುರದ ಪಶು ಆಸ್ಪತ್ರೆಗೆ ಹೋದರು.

ಡಾಕ್ಟರ್ ಅಕ್ಷತ ರಕ್ತ ತೆಗೆದು, ಡ್ರಿಪ್ ಹಾಕಿದರು. “ಏನು ತಿಂತು, ಎಷ್ಟೊತ್ತಿಗೆ ತಿಂತು ಅಂತ ಹೇಳಿದ್ದು ಒಳ್ಳೇದಾಯ್ತು ಯಜಮಾನ್ರೆ. ಮುಚ್ಚಿಟ್ಟಿದ್ರೆ ಬರೀ ವಾಂತಿ ಅಂದ್ಕೊಂಡು ಒಂದಿನ ಕಳೀತಿದ್ವಿ. ಈಗ ಮೂತ್ರ ಬರ್ಬೇಕು. ಅದು ಬಂದ್ರೆ ಧೈರ್ಯ ಹೇಳ್ತೀನಿ.”

ವೆಂಕಟರಾಮಪ್ಪ ಸೂಜಿ ಅಲ್ಲಾಡದಂತೆ ನಾಯಿಯ ಮುಂಗಾಲು ಹಿಡಿದು ಕೂತರು. ತೋಟದಲ್ಲಿ ಕಟಾವು ನಡೆಯುತ್ತಿತ್ತು. ಕೇಳಲು ಬಂದ ಫೋನುಗಳಿಗೆಲ್ಲ “ಸೊಣ್ಣಿ ನೋಡ್ಕೋತಾಳೆ” ಎಂದರು. ಎರಡನೆಯ ದಿನ ಮಧ್ಯಾಹ್ನ ಮೇಸ್ತ್ರಿ ನಡುಗುತ್ತಾ ಎದ್ದು, ಮೇಜಿನ ಕಾಲಿಗೆ ಧಾರಾಳವಾಗಿ ಮೂತ್ರ ಹೊಯ್ದಿತು. ಅದಕ್ಕೆ ಅವರು ಕೈ ಮುಗಿದುಬಿಟ್ಟರು. ಡಾಕ್ಟರೂ ನಕ್ಕರು.

ಮೇಸ್ತ್ರಿ ಮನೆಗೆ ಬಂದ ಮೇಲೆ ಮಮತ ಊಟದ ಕ್ರಮ ಹೇಳಿಕೊಟ್ಟಳು. ದಿನಕ್ಕೆ ಎರಡು ಹೊತ್ತು, ಗೊತ್ತಾದ ಸಮಯಕ್ಕೆ. ಅನ್ನವೋ ಮುದ್ದೆಯೋ ಸ್ವಲ್ಪ; ಅದರ ಜೊತೆ ಬೇಯಿಸಿದ ಮೊಟ್ಟೆ ಅಥವಾ ಮೂಳೆ ತೆಗೆದ ಕೋಳಿ; ಬೆಂದ ಸಿಹಿಕುಂಬಳ, ಕ್ಯಾರೆಟ್. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಬೇಡ. ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ, ಬೇಡ. ಟೀ, ಬಿಸ್ಕತ್ತು, ಚಾಕೊಲೇಟು, ಸಿಹಿ ಬೇಡ. ಕುಡಿಯಲು ಸದಾ ಒಳ್ಳೆಯ ನೀರು. ಹೊಸ ಊಟಕ್ಕೆ ಒಂದೇ ದಿನದಲ್ಲಿ ಬದಲಾಯಿಸದೆ, ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ.

“ಎಲ್ಲಾ ಸರಿ ಕಣಮ್ಮ,” ಎಂದರು ಸೊಣ್ಣಮ್ಮ. “ನಾಯಿಗೆ ಅಂತ ಬೇರೆ ಅಡಿಗೆ ಮಾಡ್ಕೊಂಡ್ ಕೂರಕ್ಕಾಗ್ತದಾ? ನಂಗೇನ್ ಎರಡ್ ಜೊತೆ ಕೈಯಿದ್ದಾವಾ?”

ಅದಕ್ಕೆ ಉತ್ತರ ಸಿಕ್ಕಿದ್ದು ಮಾರನೆಯ ದಿನ, ಸೊಣ್ಣಮ್ಮನ ಒಲೆಯ ಮುಂದೆ. ಕೋಳಿ ಬೆಂದಿತ್ತು, ಕುಂಬಳ ಬೆಂದಿತ್ತು. ಉಪ್ಪು ಹಾಕುವ ಮೊದಲು, ಮಸಾಲೆ ಬೀಳುವ ಮೊದಲು ಮೇಸ್ತ್ರಿಯ ಪಾಲನ್ನು ಬೇರೆ ಬಟ್ಟಲಿಗೆ ತೆಗೆದು, ಮೂಳೆ ಬಿಡಿಸಿ, ಆರಲು ಇಟ್ಟರು. “ಇಷ್ಟೇ ತಾನೆ?” ಎಂದು ಮನೆಯವರ ಸಾರಿಗೆ ಒಗ್ಗರಣೆ ಕೊಟ್ಟರು. ಶನಿವಾರದ ಮೊಟ್ಟೆಗೆ ಹಿತ್ತಿಲಲ್ಲಿ ಮೂರು ಕಲ್ಲಿಟ್ಟರು. “ಶನಿವಾರ ನಮ್ಗೆ. ಅದಕ್ಕೇನ್ ಗೊತ್ತು?” ಎಂದರು. ತರಬೇತಿಯ ಪುಸ್ತಕದಲ್ಲಿಲ್ಲದ ಈ ಉಪಾಯವನ್ನು ಮಮತ ಈಗ ಹೋದಲ್ಲೆಲ್ಲ ಸೊಣ್ಣಮ್ಮನ ಹೆಸರು ಹೇಳಿಯೇ ಕಲಿಸುತ್ತಾಳೆ.

ಬೀದಿಯವರ ಬಾಯಿ, ಅಂದರೆ ಕೈ, ಕಟ್ಟಿದ್ದು ವೆಂಕಟರಾಮಪ್ಪ. ಟೀ ಅಂಗಡಿಗೆ ತಾವೇ ಹೋಗಿ ಬಿಸ್ಕತ್ತು ನಿಲ್ಲಿಸಿದರು. ಕೋಳಿ ಅಂಗಡಿಯ ಅಫ್ಸರ್ ಮೂಳೆಯ ಚೀಲ ಕೊಡಲು ಬಂದಾಗ, “ಅದು ಬೇಡಪ್ಪ, ಮೂಳೆ ಬಿಟ್ಟು ಬರೀ ಮಾಂಸ ಇದ್ರೆ ಕೊಡು,” ಎಂದರು. “ಏನ್ ಚಾಚಾ, ಮೇಸ್ತ್ರಿ ಸಾಹೇಬ್ರಿಗೆ ಬೋನ್‌ಲೆಸ್ಸಾ!” ಎಂದು ನಗಾಡಿದರೂ ಅಫ್ಸರ್ ಅಂದಿನಿಂದ ಬಿಡಿಸಿಯೇ ಕೊಡುತ್ತಾನೆ.

ಎರಡು ತಿಂಗಳಲ್ಲಿ ಮೇಸ್ತ್ರಿಯ ಕೆರೆತ ನಿಂತು, ಬೆನ್ನಿನ ಮೇಲೆ ಹೊಸ ಕೂದಲು ಬಂತು. ಹುಚ್ಚುನಾಯಿ ರೋಗದ ಲಸಿಕೆ, ಜಂತುಹುಳದ ಮಾತ್ರೆಯೂ ಆದವು. ಸಂಘದ ಸಭೆಗೆ ಮಮತ ಕರೆದಾಗ ವೆಂಕಟರಾಮಪ್ಪ ಅಷ್ಟು ಹೆಂಗಸರ ಮುಂದೆ ಎದ್ದು ನಿಂತು, “ನಾನ್ ಬೆಳೆದ ಹಣ್ಣು, ನನ್ನ ಕೈಯಾರೆ ಹಾಕಿ, ನನ್ ನಾಯೀನ ಸಾಯಿಸ್ತಿದ್ದೆ. ಕೇಳಿದ್ರೆ ಸುಳ್ ಬೇರೆ ಹೇಳಿದ್ದೆ. ನೀವ್ ಹಂಗ್ ಮಾಡ್ಬೇಡಿ,” ಎಂದು ಕೂತರು. ದ್ರಾಕ್ಷಿ ಬೆಳೆಯುವ ಊರಿನಲ್ಲಿ ಇಷ್ಟು ಹೇಳಲು ಗುಂಡಿಗೆ ಬೇಕು.

ಬೀದಿಯ ನಾಯಿಯೊಂದನ್ನು ಮನೆಗೆ ಸೇರಿಸಿಕೊಂಡಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮದು ದೊಡ್ಡ ಮನಸ್ಸು. ಹಸಿವು ಕಂಡ ಜೀವ ಅದು. ನೀವು ಏನು ಕೊಟ್ಟರೂ ನಂಬಿ ತಿನ್ನುತ್ತದೆ, ಬೇಡ ಎನ್ನುವುದು ಅದಕ್ಕೆ ತಿಳಿಯದು. ಅದರ ಪರವಾಗಿ ನೀವೇ ಬೇಡ ಎನ್ನಿ. ತಿನ್ನಬಾರದ್ದನ್ನು ತಿಂದರೆ ಮನೆಮದ್ದು ಮಾಡುತ್ತಾ ಕೂರದೆ, ನಾಚಿಕೊಂಡು ಮುಚ್ಚಿಡದೆ, ಕೂಡಲೇ ಪಶು ಆಸ್ಪತ್ರೆಗೆ ಕರೆದೊಯ್ದು ಇದ್ದದ್ದು ಇದ್ದಂತೆ ಹೇಳಿ. ಮರಿ, ಗಬ್ಬದ ನಾಯಿ, ಕಾಯಿಲೆಯ ನಾಯಿಗೆ ಏನು ಹಾಕಬೇಕೆಂದು ಪಶುವೈದ್ಯರನ್ನು ಕೇಳಿ. ಉಳಿದ ನಾಯಿಗಳಿಗೆ ಹೆಚ್ಚು ಖರ್ಚಿಲ್ಲ, ದಿನಾ ಬೇರೆ ಅಡಿಗೆಯೂ ಬೇಕಿಲ್ಲ. ಇವತ್ತು ಸಂಜೆ ಪಾತ್ರೆಗೆ ಉಪ್ಪು, ಈರುಳ್ಳಿ, ಮಸಾಲೆ ಹಾಕುವ ಮುಂಚೆ ಅದಕ್ಕೊಂದು ಸೌಟು ತೆಗೆದಿಡಿ.